ಶತ್ರುವಿಗೂ ಹೋಗಿ ಬನ್ನಿ ಅಂದವಳು

ಊರಿನ ಮೇಲೆ ದಂಡು ಬಂದದ್ದಕ್ಕೆ ನಾನೇ ಕಾರಣ ಎಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ಆದರೆ ಅವರ ಬಾಯಲ್ಲಿ ಕೇಳಿದರೆ ನಿಮಗೆ ಉಪ್ಪುಖಾರ ಹಚ್ಚಿದ್ದೇ ಸಿಗುತ್ತದೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ನನ್ನ ಹೆಸರು ಹೊನ್ನಾಜಮ್ಮ. ಊರಬಾಗಿಲಿಗೆ ಒತ್ತಿಕೊಂಡೇ ನಮ್ಮ ಮನೆ. ಊರಿಗೆ ಬಂದವರು ವಾಪಸ್ಸು ಹೊರಟಾಗ ಅವರ ಕೈಗೆ ಎಲೆ ಅಡಿಕೆ ಇಟ್ಟು, ‘ಹೋಗಿ ಬನ್ನಿ’ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಮೊದಲು ನಮ್ಮತ್ತೆ ಮಾಡುತ್ತಿದ್ದರು, ಅವರು ಕಾಲವಾದ ಮೇಲೆ ನಾನು ಮಾಡುತ್ತಿದ್ದೇನೆ. ಮೂವತ್ತೊಂದು ವರ್ಷವಾಯಿತು. ಇದೂ ಒಂದು ಕೆಲಸವೇ ಎಂದು ನಗಬೇಡಿ. ನಮ್ಮ ಊರಬಾಗಿಲಿನ ಹೊಸಿಲ ಮೇಲೆ ನಿಂತು ಯಾರಾದರೂ ‘ಬರ್ತೀನಿ’ ಎಂದರೆ ಇಪ್ಪತ್ತೊಂದು ದಿನದೊಳಗೆ ಅವರು ಬರಲೇಬೇಕು. ತಾವಾಗಿ ಬಂದರೆ ಸರಿ. ಬರದಿದ್ದರೆ ಕೊನೆಯ ದಿನ ಅವರ ಕಾಲೇ ಅವರನ್ನು ಎಳೆದು ತರುತ್ತದೆ. ಬಳೆಗಾರ ಅಂಕಯ್ಯ ಒಮ್ಮೆ ಮಗಳ ಮದುವೆಯ ಚಪ್ಪರದ ಕೆಳಗಿನಿಂದಲೇ ಎದ್ದು ಬಂದ. ಧಾರೆ ಎರೆಯುವುದು ಹಾಗೇ ನಿಂತಿತ್ತು. ಬಂದವನು ಬಾಗಿಲು ಮುಟ್ಟಿ, ನನ್ನನ್ನು ಕೆಕ್ಕರಿಸಿ ನೋಡಿ, ಓಡುತ್ತಾ ಹಿಂದಕ್ಕೆ ಹೋದ.

ಬರುವುದು ಹೇಗೆ ಎಂಬುದು ಆಡಿದ ಮಾತಿನ ಮೇಲೆ. ‘ಆದ್ರೆ ಬರ್ತೀನಿ’ ಎಂದವರು ಅರ್ಧ ದಾರಿಗೆ ಬಂದು, ಹೊಂಗೆಮರದ ಕೆಳಗೆ ಕಾಲು ಕಟ್ಟಿಹಾಕಿದ ಹಾಗೆ ನಿಂತು, ಸಂಜೆಗೆ ವಾಪಸ್ಸು ಹೋಗುತ್ತಾರೆ. ‘ನೋಡೋಣ’ ಎಂದವರು ಎದುರಿನ ಗುಡ್ಡ ಹತ್ತಿ, ಊರನ್ನೊಮ್ಮೆ ನೋಡಿ, ಇಳಿದು ಹೋಗುತ್ತಾರೆ. ನೋಡೋಣ ಎಂದಿದ್ದರು, ನೋಡಿದರು, ತಪ್ಪೇನು? ಇನ್ನು ‘ಬರ್ತೀವಿ’ ಎಂದರಂತೂ ಹೇಳಿದವನು ಯಾರ ಪರವಾಗಿ ಬಂದಿದ್ದನೋ ಅವರಷ್ಟೂ ಜನ ಬರಬೇಕು. ಒಂದು ಸಲ ಹೆಣ್ಣು ನೋಡಲು ಬಂದ ಒಬ್ಬ ಸೋದರಮಾವ ಚಿರೋಟಿ ತಿಂದ ಖುಷಿಯಲ್ಲಿ ‘ಬರ್ತೀವಿ’ ಎಂದುಬಿಟ್ಟ. ಬಿತ್ತನೆಯ ಕಾಲ. ಅವರ ಕಡೆಯ ಅರವತ್ತು ಮಂದಿ, ಕೂರಿಗೆ ಹಿಡಿದವರು ಕೂರಿಗೆ ಹಿಡಿದುಕೊಂಡೇ ಬಂದರು. ಹೆಣ್ಣು ಒಪ್ಪಿಗೆಯಾಗಿರಲೂ ಇಲ್ಲ.

ನಿಮ್ಮೂರಿನಲ್ಲಾದರೆ ‘ಹೋಗ್ತೀನಿ’ ಅನ್ನುವುದು ಕೆಟ್ಟ ಮಾತು. ಸಾಯುವವರು ಕೂಡ ಹಾಗೆ ಹೇಳಿ ಹೋಗುವುದಿಲ್ಲ. ಹಾಲು ತರಲು ಮೂಲೆಯಂಗಡಿಗೆ ಹೊರಟವರೂ ಬರ್ತೀನಿ, ಕಾಶಿಗೆ ಹೊರಟವರೂ ಬರ್ತೀನಿ. ನಮ್ಮ ಹೊಸಿಲ ಮೇಲೆ ಮಾತ್ರ ಜನ ತುಟಿ ಕಚ್ಚಿಕೊಂಡು, ಮುಖ ಹುಳ್ಳಗೆ ಮಾಡಿಕೊಂಡು, ‘ಹೋಗ್ತೀನಿ’ ಎನ್ನುವುದನ್ನು ಕಲಿಯಬೇಕಾಯಿತು. ಕೇಳಿ ಕೇಳಿ ನಮಗೆ ಅಭ್ಯಾಸವಾಗಿದೆ. ಆದರೂ ಎದೆಯಲ್ಲಿ ಒಂದು ಚೂರು ಚುಚ್ಚುತ್ತದೆ.

ಆ ವರ್ಷ ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದಕ್ಕೆ ಇಳಿದಾಗ ಆಚೆ ದಡದ ದಳಪತಿ ಬಂದ. ಆಚೆ ದಡದವರ ಚಾಳಿ ನಮಗೆ ಗೊತ್ತಿದ್ದದ್ದೇ. ಏಳು ವರ್ಷದ ಹಿಂದೆ ನಮ್ಮ ಕೆಳಗೇರಿಯನ್ನು, ಅಲ್ಲಿದ್ದ ಇನ್ನೂರು ಮನೆ ಸಮೇತ, ‘ಇದು ಮೊದಲಿಂದಲೂ ನಮ್ದು’ ಎಂದು ನುಂಗಿ ನೀರು ಕುಡಿದವರು. ಈ ಸಲ ಊರನ್ನೇ ಕೇಳಲು ಬಂದಿದ್ದ. ಚಾವಡಿಯಲ್ಲಿ ಕುಳಿತು ಕಾಗದ ಓದಿದ. ನಮ್ಮ ಊರ ಯಜಮಾನರು ಕೆಂಪೀರಯ್ಯ, ‘ಆಗೋದಿಲ್ಲ ಸ್ವಾಮಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ದಳಪತಿ ಬೂಟು ಕುಟ್ಟುತ್ತಾ ಬಾಗಿಲಿಗೆ ಬಂದ. ನಾನು ತಟ್ಟೆ ಹಿಡಿದು ನಿಂತಿದ್ದೆ.

ಬೇಕೆಂದು ಮಾಡಲಿಲ್ಲ ನಾನು. ಅಷ್ಟು ವರ್ಷ ಒಂದೇ ಮಾತು ಆಡಿದ ನಾಲಿಗೆ. ಎಲೆ ಅಡಿಕೆ ಅವನ ಕೈಗಿಟ್ಟು, “ಹೋಗಿ ಬನ್ನಿ ಸ್ವಾಮಿ” ಅಂದುಬಿಟ್ಟೆ.

ಅವನು ಹೊಸಿಲ ಮೇಲೆ ಗಕ್ಕನೆ ನಿಂತ. ನನ್ನನ್ನೇ ನೋಡಿ ನಕ್ಕ. “ಬರದೇ ಇರ್ತೀವಾ? ಬರ್ತೀವಿ ಕಣಮ್ಮ. ಎಲ್ರೂ ಬರ್ತೀವಿ.”

ಅವನ ಕುದುರೆಯ ಧೂಳು ಇಳಿಯುವ ಮೊದಲೇ ಕೆಂಪೀರಯ್ಯ ಜಗಲಿಯ ಮೇಲೆ ಕುಸಿದು ಕುಳಿತು ತಲೆ ಮೇಲೆ ಕೈ ಹೊತ್ತುಕೊಂಡರು. “ಕರೆದು ಮಣೆ ಹಾಕಿದ್ಯಲ್ಲೇ ಹೊನ್ನಾಜಿ!”

“ನಾನು ಕರೀದಿದ್ರೆ ಬರ್ತಿರಲಿಲ್ವಾ ಅವ್ರು?”

“ಬರದೇ ಇರಬಹುದಿತ್ತು. ಮಳೆ ಬೇಗ ಹಿಡಿದಿದ್ರೆ, ಅವನ ಮನಸ್ಸು ತಿರುಗಿದ್ರೆ, ಅವನಿಗೆ ಹೊಟ್ಟೆನೋವೇ ಬಂದಿದ್ರೆ! ಈಗ ಬರದೇ ಇರೋದು ಅವನ ಕೈಲೂ ಆಗಲ್ಲ!”

ಮಾತು ನಿಜ. ನನ್ನ ಮಗ ರೇವಣ್ಣ ಹೊಳೆದಂಡೆಯ ಕಾವಲಿನಲ್ಲಿದ್ದ. ಕಾವಲಿನವರು ಇನ್ನೂರ ಹತ್ತು ಜನ, ಅವರ ಬಂದೂಕುಗಳು ಅವರಪ್ಪಂದಿರ ಕಾಲದವು. ಆಚೆ ದಡದಲ್ಲಿ ಮೂರು ಸಾವಿರ ಜನರ ಪಡೆ. ದಂಡು ಬಂದರೆ ಮೊದಲು ಎದುರು ನಿಲ್ಲುವವನು ನನ್ನ ಮಗ, ಕರೆದವಳು ನಾನು. ಮನೆಯಲ್ಲಿ ಸೊಸೆ ಇಂದ್ರಾಣಿ, ಏಳು ತಿಂಗಳ ಬಸುರಿ. ನನಗೆ ಒಂದು ಮಾತೂ ಅನ್ನಲಿಲ್ಲ ಅವಳು. ಅಂದಿದ್ದರೇ ಚೆನ್ನಾಗಿತ್ತು. ಬೀದಿಯಲ್ಲಿ ಹೋದರೆ ಹೆಂಗಸರು, “ಹೊನ್ನಾಜಮ್ಮಾ, ನಮ್ಮನೆಗೆ ಕಳ್ಳರನ್ನೂ ಒಂದಷ್ಟು ಕರೆದುಕೊಡಿ” ಎಂದು ಚುಚ್ಚುತ್ತಿದ್ದರು.

ನಮಗೆ ನೆಂಟಸ್ತಿಕೆಯ ಊರುಗಳು ಮೂರಿದ್ದವು. ಹರಳುಕೋಟೆ, ಬಿಳಿಜಾಲಿ, ನಾಗಸಂಪಿಗೆ. ನಮ್ಮನ್ನೂ ಸೇರಿಸಿ ನಾಲ್ಕೂರ ಒಕ್ಕೂಟ ಎಂದು ಹೆಸರು. ಕೆಂಪೀರಯ್ಯ ತಂತಿ ಕೊಟ್ಟ ಮೂರನೆಯ ದಿನ, ಮೂರೂ ಊರಿನ ಪರವಾಗಿ ಮಾತಾಡಲು ಹರಳುಕೋಟೆಯ ದೊಡ್ಡವೀರಪ್ಪನವರು ಜೀಪಿನಲ್ಲಿ ಬಂದರು. ಆನೆಯಂಥ ಆಳು, ಮಗುವಿನಂಥ ಮುಖ. ಅವರ ಜೊತೆ ನರಹರಿ ಮೇಷ್ಟ್ರು ಎಂಬ ಬಡಕಲು ಮನುಷ್ಯ. ಮೇಷ್ಟ್ರಿಗೆ ಒಂದೇ ಕೆಲಸ. ದೊಡ್ಡವೀರಪ್ಪನವರು ನಮ್ಮ ಹೊಸಿಲ ಮೇಲೆ ಬಾಯಿ ತಪ್ಪಿ ಏನೂ ಅನ್ನದ ಹಾಗೆ ನೋಡಿಕೊಳ್ಳುವುದು. ಬಂದ ದಿನದಿಂದಲೇ ಅವರ ಕಿವಿಯಲ್ಲಿ, “ಹೋಗ್ತೀವಿ, ಅಷ್ಟೇ. ಹೋಗ್ತೀವಿ” ಎಂದು ಪಾಠ ಒಪ್ಪಿಸುತ್ತಿದ್ದರು.

ಮೂರು ದಿನ ಚಾವಡಿಯಲ್ಲಿ ಮಾತುಕತೆ. ಊಟ ನಮ್ಮ ಮನೆಯಲ್ಲಿ. ದೊಡ್ಡವೀರಪ್ಪನವರಿಗೆ ನಾನು ಮಾಡುವ ಹುರುಳಿಕಾಳಿನ ಬಸ್ಸಾರು ಎಷ್ಟು ಹಿಡಿಸಿತೆಂದರೆ ಕೈ ತೊಳೆಯಲು ಎದ್ದವರು ಮತ್ತೆ ಕುಳಿತರು. ಮೂರನೆಯ ದಿನ ಒಪ್ಪಂದ ಸಿದ್ಧವಾಯಿತು. ಹನ್ನೊಂದು ಹಾಳೆ, ಮೂರು ಮೊಹರು. ಕೆಂಪೀರಯ್ಯ ನಮ್ಮ ಜಗಲಿಯಲ್ಲೇ ಕುಳಿತು ಎದೆಯುಬ್ಬಿಸಿ ಓದಿದರು. “ಸದರಿ ಊರಿನ ಮೇಲೆ ದಾಳಿಯಾದ ಪಕ್ಷದಲ್ಲಿ, ಒಕ್ಕೂಟದ ಊರುಗಳು ಪರಿಸ್ಥಿತಿಯನ್ನು ಕೂಲಂಕಷವಾಗಿ ಅವಲೋಕಿಸಿ, ಸೂಕ್ತವೆಂದು ಕಂಡುಬಂದಲ್ಲಿ, ನೆರವು ನೀಡುವ ವಿಷಯವನ್ನು ಗಂಭೀರವಾಗಿ ಪರಿಗಣಿಸತಕ್ಕದ್ದು.”

ಒಳಗಿನಿಂದ ಇಂದ್ರಾಣಿ ಕೇಳಿದಳು, “ಅತ್ತೆ, ಇದ್ರಲ್ಲಿ ಬರ್ತೀವಿ ಅನ್ನೋದು ಎಲ್ಲಿದೆ?”

ಕೆಂಪೀರಯ್ಯ ಹಾಳೆ ತಿರುವಿದರು. ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. ಎಲ್ಲೂ ಇರಲಿಲ್ಲ. ಆಗ ನನಗೆ ಹೊಳೆಯಿತು. ನಮ್ಮ ಕೈಯಲ್ಲಿದ್ದ ಗಟ್ಟಿ ಖಾತರಿ ಒಂದೇ ಒಂದು, ಅದನ್ನು ಕೊಟ್ಟವನು ಶತ್ರು.

ದೊಡ್ಡವೀರಪ್ಪನವರು ಕೆಟ್ಟವರಲ್ಲ. ನನ್ನ ಮುಖ ನೋಡಿ ಅವರಿಗೇ ಸಂಕಟವಾಯಿತು. “ತಾಯಿ, ನಮ್ಮೂರಲ್ಲೂ ಮಕ್ಕಳಿದ್ದಾರೆ. ನಿಮ್ಮ ಬಾಗಿಲಲ್ಲಿ ನಾನು ಒಂದು ಮಾತು ಅಂದ್ರೆ ಮೂರೂರಿನ ಜನ ಎದ್ದು ಬರ್ಬೇಕು. ಯಾರ್ಯಾರ ಮನೆ ಮಗ ವಾಪಸ್ ಬರ್ತಾನೋ ಇಲ್ವೋ. ಅವರ ಪರವಾಗಿ ಆ ಮಾತು ಆಡೋಕೆ ನಾನ್ಯಾರು ಹೇಳಿ.”

ಕೆಂಪೀರಯ್ಯ ನನ್ನನ್ನು ಅಡಿಗೆಮನೆಗೆ ಕರೆದು, “ಹೇಗಾದ್ರೂ ಮಾಡಿ ಬಾಯಿ ತಪ್ಪಿಸು. ಮಾತಲ್ಲಿ ಮಾತು ಬೆರೆಸಿ ಅನ್ನಿಸಿಬಿಡು” ಎಂದು ಪಿಸುಗುಟ್ಟಿದರು. ನಾನು ಒಪ್ಪಲಿಲ್ಲ. ನಮ್ಮನೆ ಅನ್ನ ತಿಂದವರಿಗೆ ಮೋಸ ಮಾಡುವುದೆಂದರೇನು? ಒಮ್ಮೆ ನಾಲಿಗೆ ಜಾರಿ ಊರಿಗೆ ದಂಡನ್ನು ಕರೆದದ್ದು ಸಾಲದೇ?

ಮಾರನೆಯ ಬೆಳಿಗ್ಗೆ ಊರೆಲ್ಲ ಬಾಗಿಲಲ್ಲಿ ಸೇರಿತು. ಹೊರಗೆ ಜೀಪು ಗುರುಗುಡುತ್ತಿತ್ತು. ದೊಡ್ಡವೀರಪ್ಪನವರು ಹೊಸಿಲ ಮೇಲೆ ನಿಂತು, ಮೇಷ್ಟ್ರ ಕಡೆ ಒಮ್ಮೆ ನೋಡಿ, ನೆಲ ನೋಡುತ್ತಾ, “ಹೋಗ್ತೀವಿ ತಾಯಿ” ಎಂದರು.

ನಾನು ಎಲೆ ಅಡಿಕೆ ಕೈಗಿಟ್ಟು, “ಹೋಗಿ” ಎಂದೆ.

ಅಷ್ಟೇ. ಮುಂದಿನ ಮಾತು ಸೇರಿಸಲಿಲ್ಲ. ಸೇರಿಸಬಾರದೆಂದು ಮೊದಲೇ ಯೋಚಿಸಿರಲೂ ಇಲ್ಲ. ಬಾಯಿಗೆ ಬರಲಿಲ್ಲ.

ದೊಡ್ಡವೀರಪ್ಪನವರು ಎತ್ತಿದ ಕಾಲನ್ನು ಹಾಗೇ ಇಳಿಸಿದರು. “ಏನಂದ್ರಿ?”

“ಹೋಗಿ ಅಂದೆ.”

“ಬರೀ ಹೋಗಿ ಅಂತೀರಾ? ಹೆಣಕ್ಕೆ ಹೇಳೋ ಹಾಗೆ?”

“ನೀವು ಹೋಗ್ತೀವಿ ಅಂದ್ರಿ. ನಾನು ಹೋಗಿ ಅಂದೆ. ಇನ್ನೇನನ್ನಲಿ?”

“ಅದು ಹಾಗಲ್ಲ ತಾಯಿ. ಸರಿಯಾಗಿ ಹೇಳಿ ಕಳಿಸಿ. ಮೂರು ದಿನ ಉಂಡಿದ್ದೀನಿ ನಿಮ್ಮನೇಲಿ.”

“ನೀವು ಸರಿಯಾಗಿ ಹೇಳಿ, ನಾನೂ ಹೇಳ್ತೀನಿ.”

ಮೇಷ್ಟ್ರು ಹಿಂದಿನಿಂದ ತೋಳು ಜಗ್ಗಿದರು. “ನಡೀರಿ ಸಾರ್, ಅದೇನು ದೊಡ್ಡ ವಿಷಯ!” ಆದರೆ ತಾಯಿ ಸಾಕಿದ ಯಾವ ಗಂಡಸಾದರೂ ಬರೀ ‘ಹೋಗಿ’ ಎನ್ನಿಸಿಕೊಂಡು ಹೊಸಿಲು ದಾಟಬಲ್ಲನೇ? ಅವರು ಕಾಲೆತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಹಣೆಯಲ್ಲಿ ಬೆವರು. ಕೊನೆಗೆ ಹೊಸಿಲ ಮೇಲೇ ಧೊಪ್ಪನೆ ಕುಳಿತುಬಿಟ್ಟರು. ಜೀಪಿನವನು ಇಂಜಿನ್ ಆರಿಸಿದ.

ಬಿಸಿಲೇರಿತು. ನಾನು ಮಜ್ಜಿಗೆ ಕೊಟ್ಟೆ, ಕುಡಿದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ, “ನೋಡೋಣ ಅಂತ ಬೇಕಾದ್ರೆ ಅಂತೀನಿ ತಾಯಿ” ಎಂದರು.

ಆಗ ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. “ನೋಡಿ, ಚೆನ್ನಾಗಿ ನೋಡಿ. ಗುಡ್ಡದ ಮೇಲೆ ನಿಂತು, ಮೂರೂರಿನ ಜನಾನೂ ಕರ್ಕೊಂಡು ಬಂದು, ನನ್ನ ಮಗ ಸಾಯೋದನ್ನ ನೋಡಿ!” ಎಂದೆ. ಎಂದವಳೇ ಅತ್ತುಬಿಟ್ಟೆ. ನಾಟಕ ಅಲ್ಲ. ಎಂಟು ದಿನದಿಂದ ತಡೆದುಕೊಂಡಿದ್ದು. ಊರೆದುರು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ದೊಡ್ಡವೀರಪ್ಪನವರು ಕೆಳಗೆ ಕೈಯೂರಿ ಕಷ್ಟಪಟ್ಟು ಎದ್ದರು. ಮೇಷ್ಟ್ರು ಅವರ ಬಾಯಿಗೆ ಕೈ ಅಡ್ಡ ತರುವಷ್ಟರಲ್ಲಿ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬಾಯಿ ತಪ್ಪಿ ಅಲ್ಲ, ಗೊತ್ತಿದ್ದೇ, ಒಂದೊಂದಕ್ಷರವನ್ನೂ ಬಿಡಿಸಿ ಹೇಳಿದರು. “ಬರ್ತೀವಿ ತಾಯಿ.”

“ಹೋಗಿ ಬನ್ನಿ” ಎಂದೆ, ಮೂಗು ಒರೆಸಿಕೊಂಡು.

ಊರಿಗೆ ಊರೇ ಕುಣಿಯಿತು. ಕೆಂಪೀರಯ್ಯ ನನಗೆ ಕೈ ಮುಗಿದರು. ಬೆಳಿಗ್ಗೆಯವರೆಗೆ ನನ್ನನ್ನು ಚುಚ್ಚುತ್ತಿದ್ದ ಹೆಂಗಸರು ಮಧ್ಯಾಹ್ನಕ್ಕೆ ಹೋಳಿಗೆ ತಂದುಕೊಟ್ಟರು. ನಾನೂ ಜಂಬದಿಂದ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದೆ. ಇಂದ್ರಾಣಿ ಹೋಳಿಗೆ ತಿನ್ನುತ್ತಾ ಬೆರಳು ಮಡಿಚುತ್ತಿದ್ದಳು. ಮಡಿಚಿದಳು, ಬಿಡಿಸಿದಳು, ಮತ್ತೆ ಮಡಿಚಿದಳು.

“ಅತ್ತೆ, ದಳಪತಿ ಮಾತು ಕೊಟ್ಟು ಎಂಟು ದಿನ ಆಯ್ತು. ಅವನಿಗಿನ್ನು ಹದಿಮೂರು ದಿನ ಉಳಿದಿದೆ. ಇವ್ರು ಮಾತು ಕೊಟ್ಟಿದ್ದು ಇವತ್ತು.”

“ಹೂಂ, ಅದಕ್ಕೆ?”

“ಇವರಿಗೆ ಇಪ್ಪತ್ತೊಂದು ದಿನ ಇದೆ.”

ಹೋಳಿಗೆ ನನ್ನ ಕೈಯಲ್ಲೇ ಉಳಿಯಿತು. ದಂಡು ಬಂದು, ಊರು ಸುಟ್ಟು, ಬೂದಿ ಆರಿ ಎಂಟು ದಿನವಾದ ಮೇಲೆ ನೆಂಟರ ಕಾಲು ಅವರನ್ನು ಎಳೆದು ತರುತ್ತದೆ. ಮಾತು ತಪ್ಪಿದರು ಎಂದು ಯಾರೂ ಅನ್ನುವ ಹಾಗಿಲ್ಲ. ಊರಿನ ಐದಾರು ಸಾವಿರ ಜನರಲ್ಲಿ ಒಬ್ಬರಿಗೂ ಈ ಲೆಕ್ಕ ಹೊಳೆದಿರಲಿಲ್ಲ. ಬಾಗಿಲಲ್ಲಿ ‘ಬರ್ತೀವಿ’ ಎಂಬ ಮಾತು ಕೇಳಿದರೆ ನಮಗೆ ಕಣ್ಣು ಕತ್ತಲೆ ಬರುತ್ತದೆ, ಯಾವಾಗ ಎಂದು ಕೇಳುವ ಅಭ್ಯಾಸವೇ ನಮಗಿಲ್ಲ. ಸಂಜೆಗೆ ಸುದ್ದಿ ಎಲ್ಲರ ಮನೆಗೂ ಮುಟ್ಟಿತು. ಹೋಳಿಗೆ ಕೊಟ್ಟವರು ತಟ್ಟೆ ವಾಪಸ್ಸು ಕೇಳಲು ಕೂಡ ಬರಲಿಲ್ಲ.

ಮಾರನೆಯ ದಿನ ನಾನು ಹೊಳೆದಂಡೆಗೆ ಹೋಗಿ ರೇವಣ್ಣನಿಗೆ ರೊಟ್ಟಿಗಂಟು ಕೊಟ್ಟು ಬಂದೆ. “ಹಿಂದಕ್ಕೆ ಬಂದ್ಬಿಡು ಮಗಾ” ಎನ್ನಬೇಕೆಂದು ಹೋಗಿದ್ದೆ. ಅವನ ಪಕ್ಕದಲ್ಲಿ ಮರಳುಮೂಟೆ ಹೊಲಿಯುತ್ತಿದ್ದವರನ್ನೆಲ್ಲ ನೋಡಿ ಹೇಳಲಾಗಲಿಲ್ಲ. ಅವನೇ ನಗುತ್ತಾ, “ಚಟ್ನಿಪುಡಿ ಯಾಕಮ್ಮ ಇಷ್ಟು ಕಮ್ಮಿ?” ಎಂದ.

ದೊಡ್ಡವೀರಪ್ಪನವರು ಹೋದ ನಾಲ್ಕನೆಯ ದಿನ ಮಧ್ಯಾಹ್ನ ನಾನು ಜಗಲಿಯಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದೆ. ದಾರಿಯ ತುದಿಯಲ್ಲಿ ಧೂಳೆದ್ದಿತು. ದನದ ಜಾತ್ರೆಯೇನೋ ಎಂದುಕೊಂಡೆ. ಹತ್ತಿರ ಬಂದಂತೆ ತಲೆಗಳು ಕಂಡವು. ಮುಂದೆ ಮೂರೂರಿನ ಕಾವಲುಪಡೆ, ಹೆಗಲಲ್ಲಿ ಬಂದೂಕು. ಅವರ ಹಿಂದೆ ಗಾಡಿಗಳು, ಗಾಡಿಗಳಲ್ಲಿ ಹಂಡೆ, ಕಡಾಯಿ, ಅಕ್ಕಿಮೂಟೆ. ಅವುಗಳ ಹಿಂದೆ ಕಣ್ಣು ಹಾಯುವಷ್ಟು ದೂರ ಜನ. ಸೊಂಟದಲ್ಲಿ ಕೂಸು ಇಟ್ಟುಕೊಂಡವರು, ಗುದ್ದಲಿ ಹೊತ್ತವರು, ಹೊಲಿಗೆ ಮಿಷಿನ್ ಹೊತ್ತ ದರ್ಜಿಗಳು, ಬೊಚ್ಚುಬಾಯಿಯ ಅಜ್ಜಿಯರು. ಎಲ್ಲರಿಗಿಂತ ಮುಂದೆ, ಬಿಸಿಲಿಗೆ ಕೆಂಪಗಾಗಿ, ಏದುಸಿರು ಬಿಡುತ್ತಾ, ದೊಡ್ಡವೀರಪ್ಪನವರು ನಡೆದು ಬರುತ್ತಿದ್ದರು. ಅವರ ತಲೆಯ ಮೇಲೆ ಕೊಡೆ ಹಿಡಿದು ನರಹರಿ ಮೇಷ್ಟ್ರು.

ನಾನು ಮೊರ ಎತ್ತಲಿಲ್ಲ. ಕಾಳೆಲ್ಲ ಚೆಲ್ಲಾಪಿಲ್ಲಿ. ಓಡಿದೆ.

ಆಮೇಲಿನ ಎಂಟು ದಿನ ಊರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಮನೆಯಲ್ಲಿ ಇಪ್ಪತ್ತಿಪ್ಪತ್ತು ಜನ. ನಮ್ಮ ಮನೆಯಲ್ಲಿ ನಾಗಸಂಪಿಗೆಯ ಹತ್ತೊಂಬತ್ತು ಹೆಂಗಸರು, ಒಬ್ಬೊಬ್ಬರೂ ಇಂದ್ರಾಣಿಯ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಎಂದು ಜಗಳ. ದಂಡೆಯ ಉದ್ದಕ್ಕೂ ಕಂದಕ ತೋಡಿದರು, ದರ್ಜಿಗಳು ಮರಳುಮೂಟೆ ಹೊಲಿದರು, ಅಜ್ಜಿಯರು ಕುಳಿತಲ್ಲಿಂದಲೇ ಎಲ್ಲರನ್ನೂ ಬೈದರು. ಭಯ ಇರಲಿಲ್ಲವೆಂದಲ್ಲ, ಭಯಪಡಲು ಪುರುಸೊತ್ತು ಕಡಿಮೆ.

ಮಾತು ಕೊಟ್ಟ ಇಪ್ಪತ್ತನೆಯ ದಿನ ಬೆಳಿಗ್ಗೆ ದಳಪತಿ ಬಂದ. ಮೂರು ಸಾವಿರ ಜನ ಮೊಣಕಾಲುದ್ದದ ನೀರು ತುಳಿದು ನಮ್ಮ ದಡದ ಮರಳಿಗೆ ಕಾಲಿಟ್ಟರು. ಎದುರಿಗೆ ಇನ್ನೂರ ಹತ್ತು ಜನ ಇರುತ್ತಾರೆಂದುಕೊಂಡು ಬಂದವರು. ದಂಡೆಯ ಈ ತುದಿಯಿಂದ ಆ ತುದಿಯವರೆಗೆ ಮರಳುಮೂಟೆ, ಅದರ ಮೇಲೆ ಬಂದೂಕು, ಅದರ ಹಿಂದೆ ನಾಲ್ಕೂರಿನ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೆವು. ರೇವಣ್ಣನ ಎಡಕ್ಕೆ ಹರಳುಕೋಟೆಯವನೊಬ್ಬ, ಬಲಕ್ಕೆ ಬಿಳಿಜಾಲಿಯವನೊಬ್ಬ. ನನಗೆ ಅಷ್ಟೇ ಕಾಣುತ್ತಿತ್ತು.

ನಮ್ಮೂರ ನೆಲ ಮುಟ್ಟಿದರೆ ಸಾಕು, ಅವನು ಕೊಟ್ಟ ಮಾತು ಅಲ್ಲಿಗೆ ತೀರಿತು. ಬರ್ತೀವಿ ಎಂದಿದ್ದ, ಬಂದಾಯಿತು. ಇನ್ನು ಮುಂದಿನ ಹೆಜ್ಜೆಗೆ ಯಾವ ಬಾಗಿಲೂ ಎಳೆಯುವುದಿಲ್ಲ, ಇಟ್ಟರೆ ಅವನೇ ಇಡಬೇಕು. ದಳಪತಿ ಒದ್ದೆ ಬೂಟಿನಲ್ಲಿ ಬಹಳ ಹೊತ್ತು ನಿಂತ. ಸಾಲನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ಅವನ ಪಕ್ಕದವನು ಏನೋ ಹೇಳಿದ, ಇವನು ತಲೆಯಾಡಿಸಿದ. ಆಮೇಲೆ ಬೆನ್ನು ತಿರುಗಿಸಿ ನೀರಿಗಿಳಿದ. ಮೂರು ಸಾವಿರ ಜನ ದಾಟಿ ಮುಗಿಯುವವರೆಗೂ ನಾವು ಜಾಗ ಬಿಡಲಿಲ್ಲ. ಕೆಳಗೇರಿ ಇನ್ನೂ ಅವರ ಬಳಿಯೇ ಇದೆ, ಆ ಮಾತು ಬೇರೆ. ಊರು ಉಳಿಯಿತು, ನನ್ನ ಮಗ ಉಳಿದ.

ಆ ಮಧ್ಯಾಹ್ನ ದಂಡೆಯ ಮೇಲೇ ಊಟ. ಹಂಡೆ ಹಂಡೆ ಬಸ್ಸಾರು ಮಾಡಿದೆವು. ದೊಡ್ಡವೀರಪ್ಪನವರಿಗೆ ನಾನೇ ಬಡಿಸುತ್ತಾ, ಜಂಬ ತಡೆಯಲಾರದೆ, “ಅಂತೂ ಆ ದಿನ ಆ ಮಾತು ಅನ್ನಿಸಿದ್ದಕ್ಕೆ ಕಾಲು ಎಳ್ಕೊಂಡು ಬಂತು ನೋಡಿ” ಎಂದೆ.

ಅವರು ಮುದ್ದೆ ಮುರಿಯುತ್ತಾ ನಕ್ಕರು. “ಎಲ್ಲಿ ಎಳೀತು ತಾಯಿ? ಇಪ್ಪತ್ತೊಂದು ದಿನ ಎಲ್ಲಾಗಿದೆ? ಊರಿಗೆ ಹೋಗಿ ಸಭೆ ಕರೆದೆ. ಹೀಗೆ ಒಂದು ಮಾತು ಕೊಟ್ಬಂದಿದ್ದೀನಿ, ಬಾಯಿಗೆ ಬಂದಂಗೆ ಬಯ್ರಿ ಅಂದೆ. ಬೈದ್ರು, ಚೆನ್ನಾಗೇ ಬೈದ್ರು. ಮೇಷ್ಟ್ರೇ ಎದ್ದು ದಿನದ ಲೆಕ್ಕ ಹೇಳಿದ್ದು, ಇನ್ನೂ ಬೇಕಾದಷ್ಟು ಟೈಮಿದೆ ಗಾಬರಿ ಬೇಡ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ ಅಂತ. ಆಗ ನೋಡಿ, ನಮ್ಮ ಚಿಕ್ಕಮ್ಮ, ತೊಂಬತ್ತು ವರ್ಷ, ಅಗೋ ಅಲ್ಲಿ ಉಣ್ತಾ ಕೂತಿದ್ದಾರಲ್ಲ, ಅವರು ಕೋಲೂರಿ ಎದ್ರು. ‘ಎಲ್ಲ ಮುಗಿದ್ಮೇಲೆ ಎಳೆಸಿಕೊಂಡು ಹೋಗೋಕೆ ನಾವೇನು ದನವಾ? ನಾನು ನಾಳೆ ಬೆಳಿಗ್ಗೆ ನಡೀತೀನಿ, ಬರೋರು ಬನ್ನಿ’ ಅಂದ್ರು. ಮಾರನೇ ದಿನ ಹೊರಟು ನೋಡಿದ್ರೆ ಹಿಂದೆ ಮೂರೂರೂ ಇತ್ತು. ಎರಡು ದಿನ ನಡೆದ್ವಿ. ಒಬ್ಬರ ಕಾಲನ್ನೂ ಯಾರೂ ಎಳೀಲಿಲ್ಲ.”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಷ್ಟು ದಿನ ನಾನು ಕಾಲು ಕಟ್ಟಿ ತಂದೆನೆಂದು ಬೀಗುತ್ತಿದ್ದೆ. ಅವರು ತಮ್ಮ ಕಾಲಲ್ಲಿ ತಾವೇ ಬಂದಿದ್ದರು. ಸೋತೆ ಎನ್ನಿಸಬೇಕಿತ್ತು. ನನಗೆ ಎಂಥ ಸಂತೋಷವಾಯಿತೆಂದರೆ ಎಲ್ಲಿ ಮತ್ತೆ ಊರೆದುರು ಅಳುತ್ತೇನೋ ಎಂದು ಬೇಗ ಬೇಗ ಬಡಿಸುತ್ತಾ ಮುಂದೆ ನಡೆದೆ. ಆ ಅಜ್ಜಿಯ ಎಲೆಯ ಹತ್ತಿರ ಬಂದು ನಿಂತೆ. ಸಣ್ಣ ಜೀವ, ಎರಡೂ ಪಾದಕ್ಕೆ ಅರಿಸಿನದ ಬಟ್ಟೆ ಸುತ್ತಿತ್ತು. ಬೊಬ್ಬೆ ಒಡೆದಿರಬೇಕು. ನಾನು ಕೆಳಗೆ ಕುಳಿತು ಆ ಪಾದಗಳನ್ನು ನನ್ನ ಮಡಿಲಿಗೆ ಎತ್ತಿಕೊಂಡೆ.

“ಏನೇ ಇದು, ಊಟ ಮಾಡೋರ ಕಾಲು ಹಿಡೀತೀಯಾ?” ಎಂದು ಅಜ್ಜಿ ಗದರಿದರು. “ಸಾರು ಹಾಕು.”